ಹಂಗಾಮಿ ಕುರ್ಚಿಯಲ್ಲಿ ಏಳು ವರ್ಷ

(ವಿಡಿಯೋದಲ್ಲಿ ಆಡಿದ ಮಾತಿನ ಬರಹ ರೂಪ ಇದು. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಕೊಚ್ಚಿಯಲ್ಲಿರಲಿ, ಪುಣೆಯಲ್ಲಿರಲಿ, ಹೈದರಾಬಾದಿನಲ್ಲಿರಲಿ, ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿ ಇದನ್ನು ನೋಡ್ತಿದ್ದೀರಿ ಅಂತ ಅಂದುಕೊಳ್ಳುತ್ತೇನೆ. ಇನ್ನೂ ಮುಚ್ಚಿಲ್ಲ ಅಂದ್ರೂ ಪರವಾಗಿಲ್ಲ, ನಮ್ಮ ಕೆಲಸದ ಕಥೆ ಗೊತ್ತಿರೋದೇ.

ನನ್ನೂರು ಚಿತ್ರದುರ್ಗ ಜಿಲ್ಲೆಯ ಹಿರಿಯೂರು. ಎಂಟೆಕ್ ಮುಗಿಸಿ ಕೆಲಸಕ್ಕೆ ಸೇರಿ ಹತ್ತು ವರ್ಷ ಆಯ್ತು. ಅದರಲ್ಲಿ ಆರು ವರ್ಷ ಕೇರಳದಲ್ಲೇ ಕಳೆದಿದೆ. ಮೊದಲು ತಿರುವನಂತಪುರದ ಟೆಕ್ನೋಪಾರ್ಕ್, ಈಗ ಕೊಚ್ಚಿಯ ಕಾಕ್ಕನಾಡು. ಇವತ್ತು ಕೋಡ್ ಬಗ್ಗೆ ಮಾತಿಲ್ಲ. ಒಂದು ಪದದ ಬಗ್ಗೆ ಮಾತು: ಹಂಗಾಮಿ.

ತಿರುವನಂತಪುರದಲ್ಲಿದ್ದಾಗ ನಮ್ಮ ಮ್ಯಾನೇಜರ್ ಆರೋಗ್ಯ ಕೆಟ್ಟು ದೀರ್ಘ ರಜೆ ಹಾಕಿದರು. ಅವರು ಬರುವವರೆಗೆ ಟೀಮ್ ನೀನು ನೋಡ್ಕೋ ಅಂತ ನನಗೆ ಹೇಳಿದರು. ಸಂಬಳ ಅದೇ, ಹುದ್ದೆಯ ಹಿಂದೆ 'ಆಕ್ಟಿಂಗ್' ಅಂತ ಒಂದು ಪದ ಮಾತ್ರ ಬಂತು. ಏಳು ತಿಂಗಳು ಆ ಕುರ್ಚಿಯಲ್ಲಿ ಕೂತೆ. ಕೂತೆ ಅನ್ನೋದೇ ಸರಿಯಾದ ಪದ, ಯಾಕಂದ್ರೆ ಬೇರೇನೂ ಮಾಡಲಿಲ್ಲ.

ಟೀಮಿನಲ್ಲಿ ಒಬ್ಬ ಹುಡುಗಿ ಇದ್ದಳು. ಟೆಸ್ಟಿಂಗ್ ಕೆಲಸ, ಕಾಂಟ್ರ್ಯಾಕ್ಟ್ ಮೇಲೆ. ಅವಳ ಅಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ರಾತ್ರಿ ರಿಲೀಸ್ ಇರುವ ದಿನ ಮನೆಯಿಂದಲೇ ಕೆಲಸ ಮಾಡ್ತೀನಿ, ಬಿಡ್ತೀರಾ ಚೇಚಿ ಅಂತ ಕೇಳಿದಳು. ತಾಂತ್ರಿಕವಾಗಿ ಯಾವ ತೊಂದರೆಯೂ ಇರಲಿಲ್ಲ. ನಾನು ಏನಂದೆ ಗೊತ್ತಾ? "ನಾನು ಹಂಗಾಮಿ ಅಷ್ಟೇ ಅಲ್ವಾ, ಸಾರ್ ಬರಲಿ, ಅವರನ್ನೇ ಕೇಳೋಣ" ಅಂದೆ. ಎರಡು ತಿಂಗಳು ಕಾದಳು. ಆಮೇಲೆ ರಾಜೀನಾಮೆ ಕೊಟ್ಟಳು. ಕೊನೆಯ ದಿನ ಐಡಿ ಕಾರ್ಡ್ ಕೊಡೋಕೆ ಬಂದಾಗ ಒಂದು ಮಾತು ಹೇಳಿದಳು: "ಚೇಚಿ, ಆಗಲ್ಲ ಅಂದಿದ್ದರೆ ಅವತ್ತೇ ಬೇರೆ ದಾರಿ ನೋಡ್ಕೊಳ್ತಿದ್ದೆ. ನೀವು ಆಗಲ್ಲ ಅಂತಲೂ ಹೇಳಲಿಲ್ಲ."

ಆ ಮಾತು ಇವತ್ತಿಗೂ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ. ಅದನ್ನು ಇಟ್ಟುಕೊಂಡೇ ಮುಂದಿನ ಕಥೆ ಹೇಳ್ತೀನಿ.

ಪೂಜಪ್ಪುರದ ಅರಮನೆ

ತಿರುವನಂತಪುರದಲ್ಲಿರುವವರಿಗೆ ಪೂಜಪ್ಪುರ ಗೊತ್ತಿರುತ್ತೆ. ಅಲ್ಲಿ ಶ್ರೀಚಿತ್ರ ತಿರುನಾಳ್ ಸಂಸ್ಥೆಯ ಬಯೋಮೆಡಿಕಲ್ ವಿಭಾಗ ಇದೆ. ನಮ್ಮ ದೇಶದಲ್ಲೇ ತಯಾರಾದ ಕೃತಕ ಹೃದಯ ಕವಾಟ, 1990ರಲ್ಲಿ ಮೊದಲ ಸಲ ರೋಗಿಗೆ ಅಳವಡಿಸಿದ 'ಚಿತ್ರ' ವಾಲ್ವ್, ಹುಟ್ಟಿದ್ದು ಆ ಸಂಸ್ಥೆಯಲ್ಲಿ. ಅದರ ಹಿಂದಿದ್ದ ಡಾಕ್ಟರ್ ವಲಿಯತ್ತಾನ್ ಆಮೇಲೆ ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಕುಲಪತಿಗಳಾದರು. ಈ ವಿಭಾಗ ಇರುವ ಆವರಣ ಒಂದು ಕಾಲದ ಅರಮನೆ, ಸ್ಯಾಟೆಲ್ಮಂಡ್ ಪ್ಯಾಲೇಸ್. ಅದು ಯಾರ ಮನೆ ಅಂತ ಹುಡುಕಿದಾಗ ಸಿಕ್ಕವರು ಸೇತು ಲಕ್ಷ್ಮೀಬಾಯಿ.

ಹುಟ್ಟಿದ್ದು 1895ರಲ್ಲಿ. ರಾಜಾ ರವಿವರ್ಮನ ಮೊಮ್ಮಗಳು. ನಮ್ಮ ಮನೆಗಳಲ್ಲಿ ಲಕ್ಷ್ಮಿ, ಸರಸ್ವತಿ ಪಟ ಬರೆದುಕೊಟ್ಟ ಅದೇ ರವಿವರ್ಮ. ಚಿಕ್ಕ ಮಗುವಾಗಿದ್ದಾಗ ತಿರುವಾಂಕೂರು ರಾಜಮನೆತನ ಅವರನ್ನು ದತ್ತು ತೆಗೆದುಕೊಂಡಿತು. ಜೊತೆಗೆ ಅವರ ಚಿಕ್ಕಮ್ಮನ ಮಗಳು ಸೇತು ಪಾರ್ವತೀಬಾಯಿಯನ್ನೂ.

ಹೆಣ್ಣುಮಕ್ಕಳನ್ನು ದತ್ತು ತೆಗೆದುಕೊಂಡಿದ್ದು ಯಾಕೆ? ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ನಿಮ್ಮ ಅಳಿಯಸಂತಾನ ಇದ್ದ ಹಾಗೆ ಅಲ್ಲಿ ಮರುಮಕ್ಕತ್ತಾಯ. ರಾಜನ ಮಗ ರಾಜ ಆಗಲ್ಲ, ಅಕ್ಕತಂಗಿಯರ ಮಗ ರಾಜ ಆಗ್ತಾನೆ. ಅಂದ್ರೆ ವಂಶ ನಡೆಯೋದು ಹೆಣ್ಣಿನಿಂದ. ರಾಜನ ಹೆಂಡತಿ ರಾಣಿಯಲ್ಲ, ಮನೆತನದ ಹೆಣ್ಣುಮಗಳೇ ರಾಣಿ.

1924ರ ಆಗಸ್ಟ್‌ನಲ್ಲಿ ಮಹಾರಾಜ ಶ್ರೀಮೂಲಂ ತಿರುನಾಳ್ ತೀರಿಕೊಂಡರು. ಮುಂದಿನ ರಾಜ ಸೇತು ಪಾರ್ವತೀಬಾಯಿಯ ಮಗ ಚಿತ್ತಿರ ತಿರುನಾಳ್. ಆ ಹುಡುಗನಿಗೆ ಇನ್ನೂ ಹನ್ನೊಂದು ವರ್ಷ. ಹಾಗಾಗಿ ಹಿರಿಯ ರಾಣಿ ಸೇತು ಲಕ್ಷ್ಮೀಬಾಯಿ ಅದೇ ವರ್ಷ ಸೆಪ್ಟೆಂಬರ್ 1ರಂದು ರೀಜೆಂಟ್ ಆದರು. ಅವರಿಗೆ ಆಗ 28 ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಸೀನಿಯರ್ ಡೆವಲಪರ್ ಆದರೆ ಅದೇ ದೊಡ್ಡದು ಅಂತೀವಿ. ತಿರುವಾಂಕೂರು ಅಂದ್ರೆ ಆಗಿನ ಲೆಕ್ಕದಲ್ಲಿ ಒಂದು ದೇಶವೇ. ಮೇಲೆ ಬ್ರಿಟಿಷರ ಕಣ್ಣು ಇತ್ತು, ನಿಜ. ಆದರೆ ಸ್ವಂತ ನಾಣ್ಯ, ಸ್ವಂತ ಅಂಚೆ, ಸ್ವಂತ ಶಾಸನಸಭೆ ಇತ್ತು. 1921ರ ಜನಗಣತಿಯಲ್ಲಿ ಸುಮಾರು 40 ಲಕ್ಷ ಜನ.

ಕುರ್ಚಿ ಹಂಗಾಮಿ. ಅಂತ್ಯದ ದಿನವೂ ಹೆಚ್ಚುಕಡಿಮೆ ಗೊತ್ತಿರೋದೇ, ಹುಡುಗ ದೊಡ್ಡವನಾಗುವವರೆಗೆ. ನನ್ನ ಹಾಗೆ ಯೋಚನೆ ಮಾಡಿದ್ದರೆ "ಮಹಾರಾಜರು ದೊಡ್ಡವರಾಗಲಿ, ಅವರನ್ನೇ ಕೇಳೋಣ" ಅಂದು ಏಳು ವರ್ಷ ಆರಾಮಾಗಿ ಕೂರಬಹುದಿತ್ತು.

ಮೊದಲ ತಿಂಗಳು

ಅಧಿಕಾರ ವಹಿಸಿಕೊಂಡ ತಿಂಗಳಲ್ಲೇ ಒಬ್ಬ ಹೆಣ್ಣುಮಗಳು ಶಾಸನಸಭೆಗೆ ನಾಮಕರಣ ಆದರು: ಡಾಕ್ಟರ್ ಮೇರಿ ಪೂನೆನ್ ಲೂಕೋಸ್. ತಿರುವಾಂಕೂರಿನ ಮೊದಲ ಶಾಸಕಿ, ಜೊತೆಗೆ ವೈದ್ಯಕೀಯ ಇಲಾಖೆಯ ಹೊಣೆ. ಇದೇ ಮೇರಿಗೆ ಹುಡುಗಿ ಅನ್ನೋ ಕಾರಣಕ್ಕೆ ತಿರುವನಂತಪುರದ ಕಾಲೇಜಿನಲ್ಲಿ ವಿಜ್ಞಾನದ ಸೀಟು ಕೊಟ್ಟಿರಲಿಲ್ಲ. ಇತಿಹಾಸ ಓದಿ ಪದವಿ ಮಾಡಿ, ಲಂಡನ್ನಿಗೆ ಹೋಗಿ ಡಾಕ್ಟರ್ ಆಗಿ ಬಂದವರು.

ಅದಕ್ಕಿಂತ ದೊಡ್ಡ ಸಮಸ್ಯೆ ವೈಕಂ. ವೈಕಂ ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ಈಳವರು, ಪುಲಯರು ನಡೆಯುವಂತಿರಲಿಲ್ಲ. ಗಮನಿಸಿ, ಗುಡಿಯ ಒಳಗಲ್ಲ, ರಸ್ತೆಯಲ್ಲಿ. 1924ರ ಮಾರ್ಚ್ 30ರಿಂದ ಅಲ್ಲಿ ಸತ್ಯಾಗ್ರಹ ನಡೀತಾ ಇತ್ತು. ತಮಿಳುನಾಡಿನಿಂದ ಪೆರಿಯಾರ್ ಬಂದು ಎರಡು ಸಲ ಜೈಲು ಕಂಡಿದ್ದರು. ರೀಜೆಂಟ್ ಬಂದ ಮೇಲೆ ಜೈಲಿನಲ್ಲಿದ್ದ ಸತ್ಯಾಗ್ರಹಿಗಳ ಬಿಡುಗಡೆ ಆಯ್ತು. ನವೆಂಬರ್‌ನಲ್ಲಿ ಮನ್ನತ್ತು ಪದ್ಮನಾಭನ್ ಅವರ ಮುಂದಾಳತ್ವದಲ್ಲಿ ಸವರ್ಣರೇ ವೈಕಂನಿಂದ ತಿರುವನಂತಪುರಕ್ಕೆ ಜಾಥಾ ಬಂದರು. ಸಾವಿರಾರು ಜನರ ಸಹಿ ಇದ್ದ ಮನವಿಯನ್ನು ರಾಣಿಯ ಕೈಗೆ ಕೊಟ್ಟರು, ರಸ್ತೆ ಎಲ್ಲರಿಗೂ ಬಿಡಿ ಅಂತ.

ರಾಣಿ ಕೂಡಲೇ ಆಜ್ಞೆ ಹೊರಡಿಸಲಿಲ್ಲ. ಇಲ್ಲಿ ಅವರನ್ನು ಹೊಗಳುವ ಅವಸರ ಬೇಡ. ವಿಷಯ ಶಾಸನಸಭೆಗೆ ಹೋಯ್ತು. 1925ರ ಫೆಬ್ರವರಿ 7ರಂದು ಮತ ಹಾಕಿದಾಗ ರಸ್ತೆ ಬಿಡಬೇಕು ಅಂದವರು 21, ಬೇಡ ಅಂದವರು 22. ಒಂದೇ ಒಂದು ಮತ.

ಮುಂದಿನ ತಿಂಗಳು ಗಾಂಧೀಜಿ ಬಂದರು. ವೈಕಂನಲ್ಲಿ ಸಂಪ್ರದಾಯಸ್ಥರ ಜೊತೆ ಮಾತಾಡಿದರು, ಅವರು ಬಗ್ಗಲಿಲ್ಲ. ಅಲ್ಲಿಂದ ವರ್ಕಲಕ್ಕೆ ಹೋದರು. ವರ್ಕಲ ನಮಗೆ ಗೊತ್ತಿರೋದು ವೀಕೆಂಡ್‌ನಲ್ಲಿ ಬಂಡೆ ಅಂಚಿನಲ್ಲಿ ಕಾಫಿ ಕುಡಿಯೋ ಜಾಗವಾಗಿ. 1925ರ ಮಾರ್ಚ್‌ನಲ್ಲಿ ಅದೇ ಊರಿನಲ್ಲಿ ಗಾಂಧೀಜಿ ನಾರಾಯಣ ಗುರುಗಳನ್ನೂ ಕಂಡರು, ರೀಜೆಂಟ್ ರಾಣಿಯನ್ನೂ ಕಂಡರು. ವಜ್ರ ವೈಡೂರ್ಯ ಹೇರಿಕೊಂಡ ರಾಣಿಯನ್ನು ನೋಡಬೇಕಾಗುತ್ತೆ ಅಂದುಕೊಂಡು ಹೋದವರಿಗೆ ಎದುರಾದದ್ದು ಆಡಂಬರವೇ ಇಲ್ಲದ ಒಬ್ಬ ಯುವತಿ. ಆ ಸರಳತೆ ಕಂಡು ತಮಗೆ ಆಶ್ಚರ್ಯ ಆಯ್ತು ಅಂತ ಗಾಂಧೀಜಿಯೇ ಆಮೇಲೆ ಬರೆದರು.

ಆ ವರ್ಷದ ನವೆಂಬರ್ ಹೊತ್ತಿಗೆ ಒಪ್ಪಂದ ಆಯ್ತು. ನಿಷೇಧಾಜ್ಞೆ ಹಿಂದಕ್ಕೆ, ಸತ್ಯಾಗ್ರಹವೂ ಹಿಂದಕ್ಕೆ. ಗುಡಿಯ ಮೂರು ಬದಿಯ ರಸ್ತೆಗಳು ಎಲ್ಲ ಜಾತಿಯವರಿಗೂ ತೆರೆದವು. ಪೂರ್ವದ ಬದಿ ಮಾತ್ರ ಸವರ್ಣರಿಗೇ ಉಳಿಯಿತು. ಅಂದ್ರೆ ಮುಕ್ಕಾಲು ಗೆಲುವು. ಆ ಕಾಲು ಭಾಗ ಯಾಕೆ ಬಿಟ್ಟಿರಿ ಅಂತ ಆಗಲೂ ಕೇಳಿದರು, ಈಗಲೂ ಕೇಳಬೇಕು. ರಸ್ತೆ ದಾಟಲಾಗದೆ ನಿಂತವನಿಗೆ ಮುಕ್ಕಾಲಿನ ಲೆಕ್ಕ ಹೇಳಿ ಸಮಾಧಾನ ಮಾಡೋಕೆ ಆಗಲ್ಲ.

ಆದರೂ ಈ ದಾರಿಯ ಮುಂದಿನ ಹೆಜ್ಜೆ ನೋಡಿ. 1936ರ ನವೆಂಬರ್ 12ರಂದು ತಿರುವಾಂಕೂರಿನಲ್ಲಿ ದೇವಾಲಯ ಪ್ರವೇಶ ಘೋಷಣೆ ಆಯ್ತು, ಗುಡಿಯೇ ಎಲ್ಲ ಹಿಂದೂಗಳಿಗೂ ತೆರೆಯಿತು. ಸಹಿ ಹಾಕಿದ್ದು ಆ ಹನ್ನೊಂದು ವರ್ಷದ ಹುಡುಗ, ಆಗ ಮಹಾರಾಜ. ಅವರ ತಾಯಿಯ ಒತ್ತಾಸೆ, ದಿವಾನ ಸಿ.ಪಿ. ರಾಮಸ್ವಾಮಿ ಅಯ್ಯರ್ ಅವರ ಪಾತ್ರ, ಎಲ್ಲವೂ ಅದರಲ್ಲಿದೆ. ಆದರೆ ಅವರ ಕೈಗೆ ಬಂದದ್ದು ರಸ್ತೆ ಆಗಲೇ ತೆರೆದಿದ್ದ ರಾಜ್ಯ. ಹಂಗಾಮಿಯಾಗಿ ಕೂತವರು ಮುಂದಿನವರ ಮೇಲೆ ಪ್ರಭಾವ ಬೀರುವುದು ಹೀಗೆ. ಉಪದೇಶದಿಂದ ಅಲ್ಲ, ಅವರು ಶುರು ಮಾಡುವ ಜಾಗವನ್ನೇ ಒಂದಷ್ಟು ಮುಂದಕ್ಕೆ ತಳ್ಳುವುದರಿಂದ.

ಎರಡು ಊರು, ಎರಡು ಆಡಿಕೆ

ಅವರ ಏಳು ವರ್ಷದಲ್ಲಿ ದೇವಸ್ಥಾನಗಳ ಪ್ರಾಣಿ ಬಲಿ ನಿಂತಿತು, ದೇವದಾಸಿ ಪದ್ಧತಿ ನಿಂತಿತು. 1929ರಲ್ಲಿ ತಿರುವನಂತಪುರಕ್ಕೆ ಕರೆಂಟ್ ಬಂತು. 1925ರ ನಾಯರ್ ಕಾಯ್ದೆಯಿಂದ ಕೂಡುಕುಟುಂಬದ ಆಸ್ತಿಯಲ್ಲಿ ತನ್ನ ಪಾಲು ಕೇಳುವ ಹಕ್ಕು ಒಬ್ಬೊಬ್ಬರಿಗೂ ಬಂತು. ಇದರಲ್ಲೊಂದು ವಿಚಿತ್ರ ಇದೆ. ಯಾವ ಪದ್ಧತಿಯಿಂದ ಅವರಿಗೆ ಕುರ್ಚಿ ಸಿಕ್ಕಿತ್ತೋ, ಪ್ರಜೆಗಳ ಮನೆಗಳಲ್ಲಿ ಅದೇ ಪದ್ಧತಿಯ ಬುಡ ಸಡಿಲಿಸುವ ಕಾಯ್ದೆ ಬಂದದ್ದು ಅವರ ಕಾಲದಲ್ಲೇ. 1926ರಲ್ಲಿ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನೂ ಬಂತು, ಅದಕ್ಕೆ ಜೋರು ವಿರೋಧ ಆಯ್ತು. ಅದನ್ನು ಮುಚ್ಚಿಟ್ಟು ಕಥೆ ಹೇಳಿದರೆ ತಪ್ಪಾಗುತ್ತೆ.

ವಿರೋಧಿಗಳು ಇನ್ನೊಂದು ಮಾತು ಆಡಿಕೊಳ್ಳುತ್ತಿದ್ದರು. ಕುರ್ಚಿಯಲ್ಲಿ ರಾಣಿ ಕೂತಿದ್ದಾಳೆ, ಆಳೋದು ಗಂಡ ಅಂತ.

ಈಗ ಅದೇ ಹೊತ್ತಿನ ಕೊಚ್ಚಿಗೆ ಬನ್ನಿ. ಕಾಕ್ಕನಾಡಿನಲ್ಲಿರುವವರು ಒಂದು ಭಾನುವಾರ ತ್ರಿಪ್ಪುಣಿತ್ತುರದ ಹಿಲ್ ಪ್ಯಾಲೇಸ್ ನೋಡಿ ಬಂದಿರ್ತೀರಿ. ಕೊಚ್ಚಿ ರಾಜರ ಅರಮನೆ ಅದು, ಈಗ ಮ್ಯೂಸಿಯಂ. 1914ರಲ್ಲಿ ಅಲ್ಲಿನ ರಾಜ ಸಿಂಹಾಸನ ತಾನೇ ಬಿಟ್ಟುಕೊಟ್ಟರು, ಹದಿನಾರನೇ ರಾಮವರ್ಮ ಪಟ್ಟಕ್ಕೆ ಬಂದರು. 1932ರವರೆಗೆ ಅವರೇ ರಾಜರು. ವಯಸ್ಸಾಗಿತ್ತು, ಆರೋಗ್ಯ ಕೈಕೊಡ್ತಾ ಇತ್ತು. ರಾಜ್ಯದ ಕಡಿವಾಣ ಹಿಡಿದವರು ಅವರ ಹೆಂಡತಿ ಪಾರುಕುಟ್ಟಿ ನೇತ್ಯಾರಮ್ಮ. ಮರುಮಕ್ಕತ್ತಾಯದ ಲೆಕ್ಕದಲ್ಲಿ ಅವರು ರಾಣಿಯೇ ಅಲ್ಲ, 'ನೇತ್ಯಾರಮ್ಮ' ಅನ್ನೋದು ರಾಜನ ಹೆಂಡತಿಗೆ ಇದ್ದ ಗೌರವದ ಹೆಸರು ಅಷ್ಟೇ. ಆದರೂ ಆಡಳಿತದಲ್ಲಿ ಅವರ ಮಾತು ನಡೀತಿತ್ತು. ಬ್ರಿಟಿಷರು ಅವರಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟರು. ಅದೇ ಹೆಣ್ಣುಮಗಳು ಆಮೇಲೆ ಖಾದಿ ಕಡೆಗೆ, ಗಾಂಧೀಜಿ ಕಡೆಗೆ ವಾಲಿದಾಗ ಬ್ರಿಟಿಷರಿಗೆ ಇರುಸುಮುರುಸಾಯ್ತು. ಇಲ್ಲಿ ಆಡಿಕೊಂಡದ್ದು ಏನು? ಕುರ್ಚಿಯಲ್ಲಿ ರಾಜ ಕೂತಿದ್ದಾನೆ, ಆಳೋದು ಹೆಂಡತಿ ಅಂತ!

ಅಂದ್ರೆ ಹೆಂಗಸು ಕುರ್ಚಿಯಲ್ಲಿದ್ದರೆ ಅಧಿಕಾರ ಬೇರೆಯವರದ್ದು, ಕುರ್ಚಿಯಲ್ಲಿ ಇಲ್ಲದಿದ್ದರೆ ಅಧಿಕಾರ ಕದ್ದದ್ದು. ನಮ್ಮ ಆಫೀಸುಗಳಲ್ಲಿ ಇದನ್ನು ಕೇಳಿದ ಹೆಣ್ಣುಮಕ್ಕಳು ಈಗ ನಗ್ತಿರ್ತೀರಿ. ನಾನೂ ನಕ್ಕಿದ್ದೆ.

ಈ ಎರಡೂ ರಾಜ್ಯ ಸೇರುವ ಜಾಗ ಒಂದಿದೆ, ಕೊಚ್ಚಿಯ ಬಂದರು. ಹಿನ್ನೀರಿನ ಬಾಯಿಗೆ ಮರಳಿನ ದಿಬ್ಬ ಅಡ್ಡ ಇತ್ತು, ದೊಡ್ಡ ಹಡಗು ಒಳಗೆ ಬರ್ತಿರಲಿಲ್ಲ. ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅದನ್ನು ಕೊರೆದು ದಾರಿ ಮಾಡಬಹುದು ಅಂದರು. ಆದರೆ ಕೊಚ್ಚಿ, ತಿರುವಾಂಕೂರು, ಮದ್ರಾಸ್, ಭಾರತ ಸರ್ಕಾರ ನಾಲ್ಕೂ ಒಪ್ಪಬೇಕಿತ್ತು. 1925ರಲ್ಲಿ ಒಪ್ಪಂದ ಆಯ್ತು. 1928ರ ಮೇ 26ರಂದು 'ಪದ್ಮ' ಅನ್ನೋ ಹಡಗು ಒಳ ಬಂದರಿಗೆ ಬಂತು. ಕೊರೆದ ಹೂಳಿನಿಂದಲೇ ವಿಲ್ಲಿಂಗ್ಡನ್ ದ್ವೀಪ ಎದ್ದಿತು. ನಾವು ಬೆಂಗಳೂರಿನಿಂದ ಹತ್ತಿ ಬರುವ ಐಲ್ಯಾಂಡ್ ಎಕ್ಸ್‌ಪ್ರೆಸ್ ಇದೆಯಲ್ಲ, ಅದರ ಹೆಸರಿನ ಐಲ್ಯಾಂಡ್ ಅದೇ. ಮೊದಲು ಆ ರೈಲು ಬೆಂಗಳೂರಿನಿಂದ ಕೊಚ್ಚಿ ಹಾರ್ಬರ್‌ಗೆ ಓಡ್ತಿತ್ತು.

ಮಾರಿಕಣಿವೆಯ ಹೆಸರು

ಇಷ್ಟೆಲ್ಲ ಓದುವಾಗ ನನಗೆ ನಾಚಿಕೆ ಆದದ್ದು ಬೇರೆ ವಿಷಯಕ್ಕೆ. ಹಿರಿಯೂರಿನವರಿಗೆ ಮಾರಿಕಣಿವೆ ಅಂದ್ರೆ ಉಸಿರು. 1933ರಲ್ಲಿ ಕೋಡಿ ಬಿದ್ದಿದ್ದ ಆ ಡ್ಯಾಮ್ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ರಜೆ ಹಾಕಿ ಊರಿಗೆ ಓಡಿದ್ದೆ. ಅದರ ಇನ್ನೊಂದು ಹೆಸರು ವಾಣಿವಿಲಾಸ ಸಾಗರ. ವಾಣಿವಿಲಾಸ ಯಾರು ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಮೈಸೂರಿನ ಚಾಮರಾಜೇಂದ್ರ ಒಡೆಯರ್ 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು. ಮಗ ನಾಲ್ವಡಿ ಕೃಷ್ಣರಾಜರಿಗೆ ಹತ್ತು ವರ್ಷ. ರೀಜೆಂಟ್ ಆದವರು ತಾಯಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. 1895ರಿಂದ 1902ರವರೆಗೆ, ಅವರದ್ದೂ ಏಳು ವರ್ಷ. ಅರಮನೆ ಸುಟ್ಟುಹೋದದ್ದು, ಬೆಂಗಳೂರಿಗೆ ಪ್ಲೇಗ್ ಬಂದದ್ದು, ಬಸವನಗುಡಿ ಮಲ್ಲೇಶ್ವರ ಎದ್ದದ್ದು, ವಿಕ್ಟೋರಿಯಾ ಆಸ್ಪತ್ರೆ ತೆರೆದದ್ದು, ಶಿವನಸಮುದ್ರದ ಕರೆಂಟ್ ಕೋಲಾರದ ಗಣಿಗೆ ಹರಿದದ್ದು, ಎಲ್ಲ ಆ ಏಳು ವರ್ಷದಲ್ಲಿ. ಅವರ ದಿವಾನ ಶೇಷಾದ್ರಿ ಅಯ್ಯರ್ ಹುಟ್ಟಿದ್ದು ಕೇರಳದ ಪಾಲಕ್ಕಾಡಿನ ಹತ್ತಿರ. ಆಗ ಅಲ್ಲಿಂದ ಇಲ್ಲಿಗೆ ಬಂದು ಕೆಲಸ ಮಾಡಿದರು, ಈಗ ನಾವು ಇಲ್ಲಿಂದ ಅಲ್ಲಿಗೆ ಹೋಗ್ತೀವಿ.

ಮಾರಿಕಣಿವೆಯ ಕೆಲಸ ಶುರುವಾದದ್ದು ಅವರ ಕಾಲದಲ್ಲಿ. ಮುಗಿದದ್ದು ಅವರು ಅಧಿಕಾರ ಮಗನಿಗೆ ಒಪ್ಪಿಸಿ ವರ್ಷಗಳಾದ ಮೇಲೆ. ತನ್ನ ಅವಧಿಯಲ್ಲಿ ಮುಗಿಯದ ಕೆಲಸಕ್ಕೆ ಕೈ ಹಾಕಿದ್ದರಿಂದಲೇ ನಮ್ಮಜ್ಜನ ತೋಟಕ್ಕೆ ನೀರು ಬಂತು. ನಾನು ಮಾತ್ರ ನನ್ನ ಅವಧಿಯಲ್ಲಿ ಐದು ನಿಮಿಷದಲ್ಲಿ ಮುಗಿಯುವ ಕೆಲಸವನ್ನೂ ಮಾಡಲಿಲ್ಲ.

ಕುರ್ಚಿ ಬಿಟ್ಟ ಮೇಲೆ

1931ರ ನವೆಂಬರ್ 6ರಂದು ಸೇತು ಲಕ್ಷ್ಮೀಬಾಯಿ ಅಧಿಕಾರ ಒಪ್ಪಿಸಿದರು. ಆಗ ಅವರಿಗೆ 36 ಕೂಡ ತುಂಬಿರಲಿಲ್ಲ. ಮುಂದಿನ ಅರ್ಧ ಶತಮಾನ ಅವರ ಹತ್ತಿರ ಯಾವ ಕುರ್ಚಿಯೂ ಇರಲಿಲ್ಲ. ಅರಮನೆಯೊಳಗೆ ಎರಡು ಕವಲುಗಳ ನಡುವೆ ಮನಸ್ತಾಪ ಇತ್ತು. ರಾಜ್ಯಗಳೇ ಇಲ್ಲವಾದವು. 1950ರ ದಶಕದ ಕೊನೆಯ ಹೊತ್ತಿಗೆ ಅವರು ಪೂಜಪ್ಪುರ ಬಿಟ್ಟು ಎಲ್ಲಿಗೆ ಬಂದರು ಗೊತ್ತಾ? ನಮ್ಮ ಬೆಂಗಳೂರಿಗೆ. 1985ರ ಫೆಬ್ರವರಿಯಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ. ಒಂದು ದೇಶ ಆಳಿದ ಹೆಂಗಸು ನಮ್ಮೂರಿನಲ್ಲಿ ಇಷ್ಟು ವರ್ಷ ಸದ್ದಿಲ್ಲದೆ ಬದುಕಿದ್ದರು. ಅವರ ಊರಿನಲ್ಲಿ ಕೂತು ನಾನು ಹೊಟ್ಟೆಪಾಡು ನೋಡ್ಕೊಳ್ತಾ ಇದ್ದೆ, ನನಗೆ ಗೊತ್ತೇ ಇರಲಿಲ್ಲ.

ಹಂಗಾಮಿ ಅನ್ನೋದನ್ನು ನಾನು ತಪ್ಪಾಗಿ ಓದಿಕೊಂಡಿದ್ದೆ. ಅಧಿಕಾರ ಅರ್ಧ ಅಂತ ಅಂದುಕೊಂಡಿದ್ದೆ. ಕಡಿಮೆ ಇರೋದು ಸಮಯ, ಅಧಿಕಾರ ಅಲ್ಲ. ಸಮಯ ಕಡಿಮೆ ಇದ್ದರೆ ಬೇಗ ಮಾಡಬೇಕು, ಮುಂದೂಡೋದಲ್ಲ. ತಪ್ಪು ಮಾಡ್ತೀವಿ, ರಾಣಿಯೂ ಮಾಡಿದರು, ಪೂರ್ವದ ರಸ್ತೆ ಬಿಟ್ಟರು, ಪತ್ರಿಕೆಗಳ ಬಾಯಿ ಕಟ್ಟಿದರು. ಆದರೆ "ನಾನು ಯಾರು ಹೇಳೋಕೆ" ಅಂತ ತಪ್ಪಿಸಿಕೊಂಡು ಕೂರಲಿಲ್ಲ. ಕಾಯುವವರಿಗೆ ಇಲ್ಲ ಅನ್ನೋ ಉತ್ತರಕ್ಕಿಂತ ಉತ್ತರವೇ ಸಿಗದಿರೋದು ಹೆಚ್ಚು ನೋಯಿಸುತ್ತೆ. ಅದನ್ನು ಆ ಹುಡುಗಿ ನನಗೆ ಹೇಳಿಯೇ ಹೋಗಿದ್ದಳು.

ಈಗ ಕೊಚ್ಚಿಯಲ್ಲಿ ಮತ್ತೆ ಅದೇ ಸರದಿ ಬಂದಿದೆ. ನಮ್ಮ ಲೀಡ್ ಹೆರಿಗೆ ರಜೆಯಲ್ಲಿದ್ದಾರೆ, ಆರು ತಿಂಗಳು ನಾನು ನೋಡ್ಕೊಳ್ಳಬೇಕು. ಎರಡನೇ ದಿನವೇ ಎಲ್ಲರನ್ನೂ ಕೂರಿಸಿಕೊಂಡು ರಾತ್ರಿ ರಿಲೀಸ್‌ನ ಸರದಿ ಬದಲಾಯಿಸಿದೆ. ಮನೆಯಲ್ಲಿ ಕಾಯಿಲೆಯವರಿದ್ದರೆ, ಚಿಕ್ಕ ಮಕ್ಕಳಿದ್ದರೆ ಮನೆಯಿಂದಲೇ ಮಾಡಬಹುದು. ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಮೂರು ಕೋರಿಕೆಗೆ ಆಗಲ್ಲ ಅಂತಲೂ ಹೇಳಿದೆ, ಕಾರಣ ಕೊಟ್ಟು, ಅವತ್ತೇ. ಲೀಡ್ ವಾಪಸ್ ಬಂದಾಗ ಕೊಡೋಕೆ ಒಂದು ಟಿಪ್ಪಣಿ ಬರೀತಾ ಇದ್ದೇನೆ. ಏನು ಬದಲಾಯಿಸಿದೆ, ಯಾಕೆ ಬದಲಾಯಿಸಿದೆ, ನಿಮಗೆ ಸರಿ ಕಾಣದಿದ್ದರೆ ತಿರುಗಿಸಿ ಅಂತ. ಕುರ್ಚಿ ಅವರದ್ದು, ವಾಪಸ್ ಕೊಡಲೇಬೇಕು. ಆದರೆ ಅವರು ಶುರು ಮಾಡೋ ಜಾಗ ಸ್ವಲ್ಪ ಮುಂದಿರಲಿ.

ಆ ಹುಡುಗಿಗೆ ಕಳೆದ ತಿಂಗಳು ಫೋನ್ ಮಾಡಿದ್ದೆ. ಕ್ಷಮೆ ಕೇಳಿದೆ. ಅಮ್ಮ ಚೆನ್ನಾಗಿದ್ದಾರೆ ಅಂದಳು. ಈಗ ಬೇರೆ ಕಡೆ ಅವಳೇ ಟೀಮ್ ಲೀಡ್ ಅಂತೆ.

"ಹಂಗಾಮಿಯಾ?" ಅಂತ ಕೇಳಿದೆ. "ಅಲ್ಲ ಚೇಚಿ, ಪರ್ಮನೆಂಟ್" ಅಂತ ನಕ್ಕಳು.

ನಿಮ್ಮಲ್ಲಿ ಯಾರಾದರೂ ಇಂಥ ಕುರ್ಚಿಯಲ್ಲಿ ಕೂತಿದ್ದರೆ, ಕೂತಾಗ ಏನು ಮಾಡಿದಿರಿ, ಏನು ಮಾಡದೆ ಬಿಟ್ಟಿರಿ, ನನಗೆ ಬರೆದು ತಿಳಿಸಿ. ನಾಳೆ ಬೆಳಗ್ಗೆ ಸ್ಟ್ಯಾಂಡಪ್ ಇರೋರು ಇನ್ನು ಮಲಗಿ. ನಮಸ್ಕಾರ.